ಅಟ್ಟದ ಮೇಲಿನ ಕಬ್ಬೆಕ್ಕು

ಹೋಟೆಲು ನಡೆಸುವವನ ಬಾಳಿನಲ್ಲಿ ನಗುವಂಥ ಸಂಗತಿ ನಡೆಯದ ವಾರವಿಲ್ಲ. ಆದರೆ ನಡೆಯುವಾಗ ನಗು ಬರುವುದಿಲ್ಲ, ಎದೆ ಹೊಡೆದುಕೊಳ್ಳುತ್ತದೆ. ನಗು ಬರುವುದು ಆರು ತಿಂಗಳು ಕಳೆದ ಮೇಲೆ. ಇದು ಕಳೆದ ಬೇಸಿಗೆಯ ಕತೆ, ಹಾಗಾಗಿ ಈಗ ನಗುವುದಕ್ಕೆ ಅಡ್ಡಿಯಿಲ್ಲ.

ನಮ್ಮದು ಹಳೇ ನಾಸಿಕ್‌ನಲ್ಲಿ, ಗೋದಾವರಿಗೆ ಇಳಿಯುವ ಓಣಿಯೊಂದರಲ್ಲಿ, ಮರದ ಕಂಬ ತೊಲೆಗಳ ಹಳೆಯ ವಾಡೆಯ ಕೆಳಗಿನ ಅಂತಸ್ತಿನಲ್ಲಿರುವ ಸಸ್ಯಾಹಾರಿ ಹೋಟೆಲು. ಉಡುಪಿ ಕಡೆಯಿಂದ ಬಂದ ಅಪ್ಪ ಕಟ್ಟಿ ನಿಲ್ಲಿಸಿದ್ದು. ನಾನೂ ತಮ್ಮನೂ ಓದಿದ್ದು, ಉಂಡದ್ದು, ಮದುವೆಯಾದದ್ದು ಎಲ್ಲ ಅದರಿಂದಲೇ. ತಮ್ಮ ಈಗ ಸಂಭಾಜಿನಗರದಲ್ಲಿ ಬೇರೆ ಹೋಟೆಲು ಇಟ್ಟಿದ್ದಾನೆ. ನನ್ನನ್ನು ಇಲ್ಲಿ ಎಂಬತ್ತು ದಾಟಿದ ಮುದುಕರೂ ‘ಅಣ್ಣಾ’ ಎಂದೇ ಕರೆಯುತ್ತಾರೆ. ದಕ್ಷಿಣದ ಹೋಟೆಲಿನವನಿಗೆ ಈ ಊರಿನಲ್ಲಿ ಬೇರೆ ಹೆಸರಿಲ್ಲ.

ಕಳೆದ ವರ್ಷ ಲೈಸೆನ್ಸ್ ನವೀಕರಣಕ್ಕೆ ಅರ್ಜಿ ಹಾಕಿದ್ದೆ. ಇನ್‌ಸ್ಪೆಕ್ಟರ್ ಸಾಹೇಬರು ಯಾವತ್ತಾದರೂ ಬಂದು ಅಡುಗೆಮನೆ, ಉಗ್ರಾಣ ನೋಡುತ್ತಾರೆ ಎಂದು ಕಾಗದ ಬಂತು. ಅವರು ಒಪ್ಪಿದರೆ ಹೋಟೆಲು ಉಂಟು, ಒಪ್ಪದಿದ್ದರೆ ಅಪ್ಪ ಎತ್ತಿದ ಶಟರನ್ನು ಮಗ ಎಳೆಯಬೇಕು. ಸರಿಯಾಗಿ ಅದೇ ಹೊತ್ತಿಗೆ, ಹಿತ್ತಲಿಗೆ ಚಾಚಿದ ಹಂಚಿನ ಉಗ್ರಾಣದ ಮೇಲಿನ ಅಟ್ಟದಲ್ಲಿ ಒಂದು ಪ್ರಾಣಿ ಬಿಡಾರ ಹೂಡಿತು.

ಬಾಸ್ಮತಿ

ಮೊದಲು ಸುಳಿವು ಕೊಟ್ಟದ್ದು ಬೀದರಿನ ಗಿರಾಕಿ. ಇವರು ಸಿನ್ನರಿನ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವವರು. ಎರಡನೇ ಪಾಳಿಯ ಬಸ್ಸು ಹಿಡಿಯುವ ಮೊದಲು ನಮ್ಮಲ್ಲಿ ಊಟ, ಊಟದ ಮೇಲೊಂದು ಕಾಫಿ. ಹದಿನಾಲ್ಕು ವರ್ಷದಿಂದ ಇದೇ ಕ್ರಮ. ಕೂರುವುದು ಉಗ್ರಾಣದ ಬಾಗಿಲಿನ ಪಕ್ಕದ ಮೇಜು.

ಒಂದು ದಿನ ತುತ್ತು ಕೈಯಲ್ಲಿ ಹಿಡಿದು ಮೂಗು ಮೇಲೆತ್ತಿದರು. “ಅಣ್ಣಾವ್ರೇ, ಇವತ್ತ ಬಾಸ್ಮತಿ ಕುದಸ್ಲಿಕ್ಕತ್ತೀರೇನ್ರಿ? ಏನ್ ವಾಸನಿ ಬರ್ಲಿಕತ್ಯಾದ್ರಿ.”

ನಮ್ಮಲ್ಲಿ ಬಾಸ್ಮತಿ ಬರುವುದು ಯಾರದಾದರೂ ಮದುವೆಯ ಆರ್ಡರ್ ಇದ್ದರೆ ಮಾತ್ರ. ಆ ದಿನ ಒಲೆಯ ಮೇಲಿದ್ದದ್ದು ಸಾದಾ ಕೋಲಮ್ ಅಕ್ಕಿ. ಹಾಗೆಂದು ಹೇಳಿದರೆ ಅವರು ನಂಬಲಿಲ್ಲ, ನಾನು ಯಾರಿಗೋ ಮುಚ್ಚಿಟ್ಟಿದ್ದೇನೆ ಎಂದುಕೊಂಡರು. ಮಾರನೆಯ ದಿನ ಮತ್ತೆ ಅದೇ ವಾಸನೆ, ಅದೇ ಮಾತು. ನನಗೂ ಬಂತು ಆ ಘಮ. ಮೂರನೆಯ ದಿನ ಅವರು ಹಟ ಹಿಡಿದು ಪುಲಾವ್ ಹೇಳಿದರು. ನಮ್ಮ ಅಡುಗೆ ಭಟ್ಟರು ಅಪ್ಪನ ಕಾಲದಿಂದ ಇರುವವರು, ತಮ್ಮ ಕೈರುಚಿಯ ಬಗ್ಗೆ ಯಾರಾದರೂ ಸಣ್ಣ ಮಾತು ಆಡಿದರೂ ಎರಡು ದಿನ ಮಾತು ಬಿಡುವವರು. ಅವರು ಲವಂಗ, ಪಲಾವ್ ಎಲೆ ಹಾಕಿ, ತುಪ್ಪ ಸುರಿದು ಮುತುವರ್ಜಿಯಿಂದ ಪುಲಾವ್ ಮಾಡಿ ಸ್ವತಃ ತಂದಿಟ್ಟರು.

ಬೀದರಿನವರು ಒಂದು ತುತ್ತು ತಿಂದರು. ಇನ್ನೊಂದು ತಿಂದರು. ಆಮೇಲೆ ತಟ್ಟೆ ಪಕ್ಕಕ್ಕೆ ಸರಿಸಿ, “ಭಟ್ರೇ, ತಪ್ಪ ತಿಳಕೋಬ್ಯಾಡ್ರಿ. ನಿಮ್ಮ ವಾಸನಿ ಭಾಳ ಚೊಲೋ ಅದ, ಪುಲಾವ್ ಅಷ್ಟಕ್ಕಷ್ಟೆ” ಎಂದರು. ಮರುದಿನದಿಂದ ಕುರ್ಚಿಯನ್ನು ಉಗ್ರಾಣದ ಕಡೆಗೆ ತಿರುಗಿಸಿಕೊಂಡು, ಬಾಗಿಲಿಗೆ ಮುಖ ಮಾಡಿ ಮೊಸರನ್ನ ಉಣ್ಣತೊಡಗಿದರು.

ಅಮೆರಿಕದ ಅತಿಥಿ

ಅದೇ ಸಮಯಕ್ಕೆ ತಮ್ಮನ ಮಗಳು ಕಾಲೇಜಿಗೆ ರಜೆಯೆಂದು ಸಂಭಾಜಿನಗರದಿಂದ ಬಂದಳು. ಈ ಸೀಮೆಯಲ್ಲೇ ಹುಟ್ಟಿ ಬೆಳೆದ ಹುಡುಗಿ. ಕನ್ನಡದಲ್ಲಿ ಬೈದರೆ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಅರ್ಧ ಮರಾಠಿಯಲ್ಲಿ ಬರುತ್ತದೆ. ನನ್ನನ್ನು ದೊಡ್ಡಪ್ಪ ಎನ್ನುವುದಿಲ್ಲ, ಕಾಕಾ ಎನ್ನುತ್ತಾಳೆ.

ಒಂದು ಸಂಜೆ ದೀಪ ಹಚ್ಚುವ ಹೊತ್ತಿಗೆ ಹಿತ್ತಲ ಗೋಡೆಯ ಮೇಲೆ ಬೂದು ಬಣ್ಣದ ಪ್ರಾಣಿಯೊಂದು ಆರಾಮಾಗಿ ನಡೆದು ಹೋಯಿತು. ಕಪ್ಪು ಕಾಲು, ಉದ್ದ ಬಾಲ, ಕಣ್ಣಿನ ಸುತ್ತ ಕಳ್ಳನ ಮುಖವಾಡದ ಹಾಗೆ ಕಪ್ಪು. ಅಟ್ಟದ ಹಂಚಿನ ಸಂದಿಯಲ್ಲಿ ನುಗ್ಗಿ ಮಾಯವಾಯಿತು. ಹುಡುಗಿ ಮೊಬೈಲಿನಲ್ಲಿ ಹಿಡಿದಳು.

“ಕಾಕಾ, ಹಾ ರಕೂನ್ ಆಹೇ. ಶಪಥ್. ನಾನು ರೀಲ್ಸ್‌ನಲ್ಲಿ ದಿನಾ ನೋಡ್ತೇನೆ.”

ಭಟ್ಟರು ಸೌಟು ಹಿಡಿದು ಬಂದು ನೋಡಿದರು. “ಎಂತದ್ದು ರಕೂನು? ಇದು ಕಬ್ಬೆಕ್ಕು ಮಾರಾಯ್ತಿ. ನಮ್ಮ ಊರಲ್ಲಿ ತೆಂಗಿನ ಮರದಲ್ಲಿ ಬೇಕಾದಷ್ಟು ಉಂಟು. ಕೆಲವರು ಪುನುಗು ಬೆಕ್ಕು ಅಂತಲೂ ಹೇಳ್ತಾರೆ.”

ಹುಡುಗಿ ಸುಮ್ಮನಿರಲಿಲ್ಲ. ಅಮೆರಿಕದ ರಕೂನಿನ ಹತ್ತು ವಿಡಿಯೋ ತೋರಿಸಿದಳು. ಕಾಡಿನಲ್ಲಾದರೆ ಹೊಳೆಯ ಹತ್ತಿರ ಮರದ ಪೊಟರೆಯಲ್ಲಿ ಇರುತ್ತದಂತೆ, ಊರಿಗೆ ಬಂದರೆ ಜನರ ಅಟ್ಟದಲ್ಲೇ ಮರಿ ಹಾಕುತ್ತದಂತೆ, ಬೆರಳುಗಳಿಂದ ಕಸದ ಡಬ್ಬಿಯ ಮುಚ್ಚಳ ತೆಗೆಯುತ್ತದಂತೆ, ಆಹಾರವನ್ನು ನೀರಲ್ಲಿ ಅದ್ದಿ ತೊಳೆದು ತಿನ್ನುತ್ತದಂತೆ. ಮುಖವಾಡವೂ ಹಾಗೆಯೇ ಇತ್ತು.

“ಅದರ ಬಾಲಕ್ಕೆ ಪಟ್ಟೆ ಉಂಟು. ಇದಕ್ಕೆ ಎಲ್ಲುಂಟು?” ಎಂದರು ಭಟ್ಟರು.

“ಇನ್ನೂ ಲಹಾನ್ ಇದೆ, ಚಿಕ್ಕದು. ಪಟ್ಟೆ ಆಮೇಲೆ ಬರ್ತವೆ” ಎಂದಳು ಹುಡುಗಿ.

ಮೊಬೈಲಿನ ಮುಂದೆ ಭಟ್ಟರ ಮಾತು ನಡೆಯಲಿಲ್ಲ. ಲೈಸೆನ್ಸ್ ಕೈಗೆ ಬರುವ ತನಕ ಈ ವಿಡಿಯೋ ಎಲ್ಲೂ ಹಾಕಬಾರದು ಎಂದು ನಾನು ಹುಡುಗಿಯಿಂದ ಮಾತು ತೆಗೆದುಕೊಂಡೆ. ಉಗ್ರಾಣದ ಮೇಲೆ ಪ್ರಾಣಿ ಇದೆಯೆಂದು ಊರಿಗೆ ಗೊತ್ತಾದರೆ ಇನ್‌ಸ್ಪೆಕ್ಟರ್ ಬರುವುದೇ ಬೇಡ, ಗಿರಾಕಿಗಳೇ ಶಟರ್ ಎಳೆದು ಹೋಗುತ್ತಾರೆ.

ಅವಳು ಅಷ್ಟಕ್ಕೆ ಬಿಡದೆ ಪರೀಕ್ಷೆಯೊಂದನ್ನು ಹೂಡಿದಳು. ಹಿತ್ತಲಲ್ಲಿ ಸ್ಟೀಲ್ ಬೋಗುಣಿ ತುಂಬ ನೀರು, ಪಕ್ಕದಲ್ಲಿ ಎರಡು ಬಾಳೆಹಣ್ಣು. ತೊಳೆದು ತಿಂದರೆ ರಕೂನ್, ತೊಳೆಯದೆ ತಿಂದರೆ ಭಟ್ಟರದ್ದು. ಬೆಳಿಗ್ಗೆ ನೋಡಿದರೆ ಹಣ್ಣು ಎರಡೂ ಇಲ್ಲ, ಸಿಪ್ಪೆ ಬೋಗುಣಿಯ ನೀರಿನಲ್ಲಿ ತೇಲುತ್ತಿತ್ತು. ಹುಡುಗಿ ಗೆದ್ದೆನೆಂದು ಕುಣಿದಳು.

ಭಟ್ಟರು ಬಗ್ಗಿ ಬೋಗುಣಿಯನ್ನು ಸಾವಕಾಶವಾಗಿ ನೋಡಿದರು. “ತೊಳೆದದ್ದಲ್ಲ ಇದು, ತಿಂದು ಸಿಪ್ಪೆ ಬಿಸಾಡಿದ್ದು. ಕೈ ತೊಳೆಯುವ ನೀರಿಗೆ ಸಿಪ್ಪೆ ಹಾಕುವ ಬುದ್ಧಿ ಅಮೆರಿಕದ್ದಲ್ಲ. ನಲ್ವತ್ತು ವರ್ಷದಿಂದ ನಮ್ಮ ಗಿರಾಕಿಗಳು ಬೇಸಿನ್ನಿಗೆ ಹಾಕ್ತಾ ಬಂದದ್ದೇ ಇದನ್ನು. ಇದು ಗ್ಯಾರಂಟಿ ನಾಸಿಕಿನ ಪ್ರಾಣಿ.”

ಬೀಗ

ಆದರೂ ಆ ಬೆರಳುಗಳ ವಿಡಿಯೋ ನನ್ನ ತಲೆಯಿಂದ ಹೋಗಲಿಲ್ಲ. ಕಸದ ಡಬ್ಬಿ ತೆಗೆಯುವ ಪ್ರಾಣಿಗೆ ಉದ್ದಿನ ಡಬ್ಬಿ ತೆಗೆಯುವುದು ಎಷ್ಟು ಹೊತ್ತಿನ ಕೆಲಸ? ಬಜಾರಿಗೆ ಹೋಗಿ ಎಂಟು ಬೀಗ ತಂದೆ. ಅಕ್ಕಿ, ಉದ್ದು, ತೊಗರಿ, ರವೆ, ಎಲ್ಲ ದೊಡ್ಡ ಸ್ಟೀಲ್ ಡಬ್ಬಿಗಳಿಗೂ ಕೊಂಡಿ ಹಾಕಿಸಿ ಬೀಗ ಜಡಿದೆ. ಕೀಲಿಗಳ ಗೊಂಚಲು ನನ್ನ ಅಂಗಿಯ ಜೇಬಿನಲ್ಲಿ. ಅಪಾಯ ಕಳೆಯಿತೆಂದು ನೆಮ್ಮದಿಯಾಗಿ, ಸೋಮವಾರ ಬೆಳಿಗ್ಗೆ ಶೇರ್ ಜೀಪು ಹತ್ತಿ ತ್ರ್ಯಂಬಕೇಶ್ವರಕ್ಕೆ ಹೋದೆ, ಲೈಸೆನ್ಸಿಗಾಗಿ ಒಂದು ಅಭಿಷೇಕ ಮಾಡಿಸಲು.

ದರ್ಶನದ ಸಾಲಿನಲ್ಲಿ ಬಗ್ಗಿದಾಗ ಜೇಬಿನಲ್ಲಿ ಏನೋ ಝಣ್ ಎಂದಿತು. ಅಲ್ಲಿಂದ ಹಿಂದೆ ಬರುವಂತಿಲ್ಲ, ಮುಂದೆ ಹೋಗುವುದಕ್ಕೆ ಮೂರು ತಾಸು. ಮಧ್ಯಾಹ್ನ ಹೋಟೆಲಿಗೆ ಬಂದರೆ ಬೋರ್ಡಿನ ಮೇಲೆ ಇಡ್ಲಿ, ವಡೆ, ದೋಸೆ, ಉಪ್ಪಿಟ್ಟು ಎಲ್ಲದಕ್ಕೂ ಚಾಕ್‌ಪೀಸಿನಿಂದ ಅಡ್ಡಗೆರೆ. ಉಳಿದದ್ದು ಹೊರಗಿದ್ದ ಚೀಲದ ಅವಲಕ್ಕಿ ಒಂದೇ. ಕೇಳಿದ ಗಿರಾಕಿಗಳಿಗೆಲ್ಲ ಭಟ್ಟರು ಬೆಳಿಗ್ಗೆಯಿಂದ ಒಂದೇ ಉತ್ತರ ಕೊಡುತ್ತಿದ್ದರಂತೆ: “ಯಜಮಾನ್ರು ದೇವಸ್ಥಾನದಲ್ಲಿ, ಉದ್ದು ಜೈಲಿನಲ್ಲಿ.”

ನೇರಳೆ ಬೀಜ

ಈ ಪ್ರಸಂಗವನ್ನು ಹೇಳಬಾರದು ಎಂದು ಹೆಂಡತಿಯ ಕಟ್ಟಪ್ಪಣೆ ಇದೆ. ಹೇಳುತ್ತಿದ್ದೇನೆ.

ನನಗೆ ಸಕ್ಕರೆ ಕಾಯಿಲೆ. ನೇರಳೆ ಬೀಜದ ಪುಡಿ ಒಳ್ಳೆಯದೆಂದು ಹೆಂಡತಿ ಯಾರಿಂದಲೋ ಕೇಳಿದ್ದಳು. ಮೇ ಕೊನೆಗೆ ನೇರಳೆ ಹಣ್ಣು ಬರತೊಡಗಿದಾಗ, ತಾರಸಿಯ ಮೂಲೆಯಲ್ಲಿ ಪ್ರತಿ ಬೆಳಿಗ್ಗೆ ಒಂದು ಹಿಡಿಯಷ್ಟು ನೇರಳೆ ಬೀಜದ ರಾಶಿ ಕಾಣತೊಡಗಿತು. ಹಣ್ಣಿನ ತಿರುಳು ಚೂರೂ ಇಲ್ಲದ ಬೀಜಗಳು. ಮೇಲಿನ ಮನೆಯ ಆಜಿ, ಅಂದರೆ ವಾಡೆಯ ಒಡತಿ, ಒಣಗಲು ಹಾಕುತ್ತಿದ್ದಾರೆ ಎಂದು ಇವಳು ತಿಳಿದುಕೊಂಡಳು. “ಒಂದು ಹಿಡಿ ತೆಗೆದರೆ ಆಜಿ ಏನೂ ಹೇಳುವುದಿಲ್ಲ, ದಿನಾ ಹಾಕ್ತಾರೆ” ಎಂದು ತಂದು, ತಾನೂ ಇನ್ನೊಮ್ಮೆ ತೊಳೆದು, ಹುರಿದು, ಮಿಕ್ಸಿಯಲ್ಲಿ ಪುಡಿ ಮಾಡಿ ಡಬ್ಬಿಗೆ ತುಂಬಿದಳು. ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಚಮಚ, ಬಿಸಿನೀರಿನಲ್ಲಿ.

ಹತ್ತು ದಿನ ಕುಡಿದೆ. ರಕ್ತ ಪರೀಕ್ಷೆ ಮಾಡಿಸಿದರೆ ಸಕ್ಕರೆ ಇಳಿದಿತ್ತು. ಡಾಕ್ಟರು ಭೇಷ್ ಎಂದರು. ನಾನು ಆಜಿಗೆ ಧನ್ಯವಾದ ಹೇಳಲು ಹೋದರೆ ಆಜಿ, “ಕಸಲ್ಯಾ ಬಿಯಾ? ಯಾವ ಬೀಜ? ನಾನು ಮೊಣಕಾಲು ನೋವಿಗೆ ತಾರಸಿ ಹತ್ತಿ ಎರಡು ವರ್ಷ ಆಯ್ತಲ್ಲ” ಎಂದರು.

ಬೀಜ ಯಾರದ್ದೆಂದು ನನಗೆ ಆಗಲೂ ಹೊಳೆಯಲಿಲ್ಲ. ಯಾರೋ ಪುಣ್ಯಾತ್ಮರು ಎಂದು ಮನಸ್ಸಿನಲ್ಲೇ ಕೈಮುಗಿದು ಕುಡಿಯುತ್ತಾ ಹೋದೆ.

ಎರಡು ಸರ್ಕಾರ

ಜೂನ್ ಎರಡನೇ ವಾರ ಅಟ್ಟದಿಂದ ಕೀಚು ಕೀಚು ಸದ್ದು ಶುರುವಾಯಿತು. ಇನ್ನು ತಡೆಯಲಾರದೆ ಅರಣ್ಯ ಇಲಾಖೆಗೆ ಹೋಗಿ ಬೇಡಿಕೊಂಡೆ. ಒಬ್ಬ ಗಾರ್ಡ್ ಬಂದರು, ಇಗತಪುರಿ ಘಾಟಿನ ಕಡೆಯ ಮನುಷ್ಯ, ಮಾತು ಮೆತ್ತಗೆ. ಮಧ್ಯಾಹ್ನ ಏಣಿ ಇಟ್ಟು ಹತ್ತಿ, ಹಲಗೆಯ ಸಂದಿಯಲ್ಲಿ ಇಣುಕಿ, ತುಟಿಯ ಮೇಲೆ ಬೆರಳಿಟ್ಟುಕೊಂಡು ಇಳಿದರು.

“ಉದ್‌ಮಾಂಜರ್” ಎಂದರು, ಕಬ್ಬೆಕ್ಕಿಗೆ ಮರಾಠಿಯ ಹೆಸರು ಅದು. “ಹೆತ್ತಿದ್ದಾಳೆ, ಮೂರು ಮರಿ. ಇನ್ನೂ ಕಣ್ಣು ತೆರೆದಿಲ್ಲ.”

“ರಕೂನ್ ಅಲ್ಲವೇ?” ಎಂದಳು ಹುಡುಗಿ.

“ರಕೂನ್ ಇರುವುದು ಅಮೆರಿಕ ಕಡೆ, ತಾಯೀ. ಮುಖವೊಂದು ಹಾಗೇ ಕಾಣುತ್ತದೆ. ಅಟ್ಟ ಹುಡುಕುವ ಬುದ್ಧಿಯೂ ಒಂದೇ. ಕಾಡಿನಲ್ಲಾದರೆ ಇದಕ್ಕೆ ಮರದ ಪೊಟರೆ ಬೇಕು, ಊರಿನಲ್ಲಿ ದೊಡ್ಡ ಮರ ಕಡಿದ ಮೇಲೆ ನಿಮ್ಮ ಅಟ್ಟವೇ ಪೊಟರೆ. ಹಣ್ಣು ತಿನ್ನುತ್ತದೆ, ಇಲಿ ಹಿಡಿಯುತ್ತದೆ.” ಭಟ್ಟರು ಎದೆಯ ಮೇಲೆ ಕೈ ಕಟ್ಟಿಕೊಂಡು ಹುಡುಗಿಯ ಎದುರಿಗೆ ಬಂದು ನಿಂತರು ಅಷ್ಟೆ.

“ಇದರ ಮೈಯಿಂದ ಬಾಸ್ಮತಿ ಬೆಂದ ಹಾಗೆ ವಾಸನೆ ಬರುತ್ತದೆ, ಗಮನಿಸಿದಿರಾ?” ಎಂದರು ಗಾರ್ಡ್. ಪಕ್ಕದ ಮೇಜಿನಲ್ಲಿ ಬೀದರಿನವರು ಕುರ್ಚಿಯನ್ನು ಸದ್ದಿಲ್ಲದೆ ಮೊದಲಿನ ದಿಕ್ಕಿಗೆ ತಿರುಗಿಸಿಕೊಂಡರು.

ಇದನ್ನು ಹಿಡಿದುಕೊಂಡು ಹೋಗಿ ಎಂದು ನಾನು ಕೈಮುಗಿದೆ. ಅವರು ಆಗದೆಂದು ತಲೆಯಾಡಿಸಿದರು. ಕಾನೂನಿನ ರಕ್ಷಣೆ ಇರುವ ಪ್ರಾಣಿ, ಮರಿ ಇರುವಾಗ ಮುಟ್ಟಿದರೆ ತಾಯಿ ಬಿಟ್ಟು ಹೋಗುತ್ತದೆ, ಮರಿ ಸಾಯುತ್ತವೆ. ದೊಡ್ಡವಾದ ಮೇಲೆ ತಾವೇ ಹೋಗುತ್ತವೆ, ಆಗ ಸಂದಿ ಮುಚ್ಚಿಸಿ. ಹಾಗೆಂದು ಕಾಗದದಲ್ಲಿ ಬರೆದೂ ಕೊಟ್ಟರು. ಒಂದು ಇಲಾಖೆಯ ಪ್ರಕಾರ ಅದನ್ನು ಓಡಿಸುವಂತಿಲ್ಲ, ಇನ್ನೊಂದು ಇಲಾಖೆಯ ಪ್ರಕಾರ ಅದು ಅಲ್ಲಿ ಇರುವಂತಿಲ್ಲ. ನಡುವೆ ನಾನು, ಜೇಬಿನಲ್ಲಿ ಎಂಟು ಕೀಲಿ.

ಹೋಗುವ ಮೊದಲು ಗಾರ್ಡ್ ತಾರಸಿಗೂ ಹತ್ತಿದರು. ಮೂಲೆಯ ಬೀಜದ ರಾಶಿ ತೋರಿಸಿ, “ಇದು ಇದರ ಸಂಡಾಸು. ಹಣ್ಣು ನುಂಗುತ್ತದೆ, ಬೀಜ ಹಾಗೇ ಹೊರಗೆ ಬರುತ್ತದೆ. ಇಂಥ ಬೀಜ ಬಿದ್ದಲ್ಲೇ ಕಾಡಿನಲ್ಲಿ ಎಷ್ಟೋ ಮರ ಹುಟ್ಟುವುದು” ಎಂದರು.

ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ಗೋಡೆ ಹಿಡಿದುಕೊಂಡೆ. ವಿಷಯ ತಿಳಿದು ಗಾರ್ಡ್ ನನ್ನನ್ನು ಕೆಳಗೆ ಕರೆತಂದು ಕೂರಿಸಿ ಸಮಾಧಾನ ಮಾಡಿದರು. “ಅಣ್ಣಾ, ಚಿಂತೆ ಮಾಡಬೇಡಿ. ಈ ಪ್ರಾಣಿ ತಿಂದು ಹಾಕಿದ ಕಾಫಿ ಬೀಜವನ್ನು ದೊಡ್ಡ ದೊಡ್ಡ ಶ್ರೀಮಂತರು ಆರಿಸಿ ತರಿಸಿ ಕುಡಿಯುತ್ತಾರೆ.”

ಬೀದರಿನವರು ಬಾಯಿಗೆತ್ತಿದ್ದ ಕಾಫಿ ಲೋಟವನ್ನು ಮೆಲ್ಲಗೆ ಕೆಳಗಿಟ್ಟರು. ಹದಿನಾಲ್ಕು ವರ್ಷದ ಅಭ್ಯಾಸ ಆ ದಿನ ನಿಂತಿತು, ಈಗ ಅವರು ಚಹಾ ಕುಡಿಯುತ್ತಾರೆ. ನನ್ನ ಪುಡಿಯ ವಿಷಯ ಮಾತ್ರ ಇನ್ನೂ ತೀರ್ಮಾನವಾಗಿಲ್ಲ, ಯಾಕೆಂದರೆ ಬಿಟ್ಟ ಮೇಲೆ ಸಕ್ಕರೆ ಏರಿದೆ.

ಇನ್‌ಸ್ಪೆಕ್ಟರ್ ಸಾಹೇಬರು

ಆಮೇಲೆ ಎರಡು ವಾರ ನಾನು ಸರಿಯಾಗಿ ಉಣ್ಣಲಿಲ್ಲ. ಜೀಪಿನ ಸದ್ದಾದರೆ ಗಲ್ಲಾ ಬಿಟ್ಟು ಬಾಗಿಲಿಗೆ ಓಡುತ್ತಿದ್ದೆ. ಉಗ್ರಾಣದೊಳಗೆ ಅಟ್ಟದ ಹಲಗೆಗಳ ಕೆಳಗೆ ದಪ್ಪ ತಾಡಪತ್ರಿ, ಅಂದರೆ ಟಾರ್ಪಾಲು, ಬಿಗಿಸಿದ್ದಾಯಿತು, ದಿನಕ್ಕೆ ಎರಡು ಸಲ ಗುಡಿಸಿದ್ದಾಯಿತು. ಮನಸ್ಸಿನಲ್ಲಿ ಅಪ್ಪನ ಮುಖ. ಬರಿಗೈಯಲ್ಲಿ ಈ ಊರಿಗೆ ಬಂದವನನ್ನು ಈ ಓಣಿ ಸಾಕಿತ್ತು. ಅದನ್ನು ನಾನು ಕಳೆದೆ ಎಂದಾಗಬಾರದು.

ಮಳೆ ಹಿಡಿದ ಒಂದು ಬೆಳಿಗ್ಗೆ, ಹನ್ನೊಂದರ ಹೊತ್ತಿಗೆ ಸಾಹೇಬರು ಬಂದೇ ಬಿಟ್ಟರು. ಐವತ್ತು ದಾಟಿದವರು, ನಗುವ ಅಭ್ಯಾಸ ಇದ್ದಂತೆ ಕಾಣಲಿಲ್ಲ. ಒಲೆ ನೋಡಿದರು, ನೀರಿನ ಟಾಕಿ ನೋಡಿದರು, ಭಟ್ಟರ ಉಗುರು ನೋಡಿದರು. ಆಮೇಲೆ ಉಗ್ರಾಣ.

ಟಾರ್ಚ್ ಹಾಕಿ ಮೂಲೆ ಮೂಲೆ ನೋಡಿದರು. ಡಬ್ಬಿ ಸರಿಸಿ ಹಿಂದೆ ನೋಡಿದರು. ಚೀಲಗಳ ಹೊಲಿಗೆ ಮುಟ್ಟಿ ನೋಡಿದರು. ಮೊಣಕಾಲೂರಿ ನೆಲ ನೋಡಿದರು. ಎದ್ದು ನಿಂತು ನನ್ನ ಮುಖವನ್ನೇ ನೋಡಿದರು. ಅವರು ಮಾತಾಡಿದ್ದು ಮರಾಠಿಯಲ್ಲಿ, ನಾನು ಕನ್ನಡದಲ್ಲಿ ಹೇಳುತ್ತೇನೆ.

“ಅಣ್ಣಾ, ನದಿಯ ದಡ, ಹಳೆಯ ಮರದ ವಾಡೆ, ಅಕ್ಕಿ ಬೇಳೆ ತುಂಬಿದ ಕೋಣೆ. ಒಂದೇ ಒಂದು ಇಲಿಯ ಹಿಕ್ಕೆ ಇಲ್ಲ, ಒಂದು ಚೀಲಕ್ಕೂ ತೂತಿಲ್ಲ. ನಾನು ಇಷ್ಟು ವರ್ಷದಲ್ಲಿ ಇಂಥ ಉಗ್ರಾಣ ನೋಡಿಲ್ಲ. ನಿಮ್ಮ ಪೆಸ್ಟ್ ಕಂಟ್ರೋಲ್ ಯಾರು ಮಾಡುತ್ತಾರೆ?”

“ಒಬ್ಬರೇ ಮಾಡುತ್ತಾರೆ, ಸಾಹೇಬ್” ಎಂದೆ.

“ಕರೆಸಿ. ನಮ್ಮ ಮನೆಯಲ್ಲಿ ಇಲಿಗಳ ಕಾಟ ವಿಪರೀತ. ಮೊದಲು ಅಲ್ಲಿಗೆ ಕಳಿಸಿ.”

ನಾನು ಏನಾದರೊಂದು ಸುಳ್ಳು ಹುಡುಕುತ್ತಿದ್ದೆ. ಅಷ್ಟರಲ್ಲಿ ಹಿಂದಿನಿಂದ ಭಟ್ಟರು ಬಾಯಿ ಹಾಕಿದರು. ಅವರಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. “ಈಗ ಕರೆಯಲಿಕ್ಕೆ ಆಗುವುದಿಲ್ಲ ಸಾಹೇಬ್. ತೀ ಬಾಳಂತೀಣ್ ಆಹೇ. ಬಾಣಂತಿ.”

ಸಾಹೇಬರ ಮುಖ ಮೊದಲ ಬಾರಿ ಸಡಿಲಾಯಿತು. “ಹೆಣ್ಣುಮಗಳೇ? ಈ ಕೆಲಸದಲ್ಲಿ? ಬಹಳ ಒಳ್ಳೆಯದು. ಎಲ್ಲಿರುತ್ತಾರೆ?”

ಭಟ್ಟರು ಸೌಟಿನಿಂದ ಮೇಲಕ್ಕೆ ತೋರಿಸಿದರು.

ಸಾಹೇಬರು ತಲೆಯೆತ್ತಿದರು. ತಾಡಪತ್ರಿಯ ಅಂಚಿನಲ್ಲಿ, ಎರಡು ಹಲಗೆಗಳ ನಡುವೆ, ಕಪ್ಪು ಮುಖವಾಡ ಮತ್ತು ಎರಡು ಕಣ್ಣು. ಅವಳು ಇವರನ್ನು ನೋಡಿದಳು, ಇವರು ಅವಳನ್ನು ನೋಡಿದರು. ಹಿಂದಿನಿಂದ ಮರಿಗಳು ಕೀಚಿಟ್ಟವು. ಅವಳು ತಲೆ ಒಳಗೆ ಎಳೆದುಕೊಂಡಳು.

ನಾನು ಅರಣ್ಯ ಇಲಾಖೆಯ ಕಾಗದ ಮುಂದೆ ಹಿಡಿದು ಒಂದೇ ಉಸಿರಿಗೆ ಎಲ್ಲ ಹೇಳಿದೆ. “ಓಡಿಸಿದರೆ ಅವರು ಹಿಡಿಯುತ್ತಾರೆ, ಇಟ್ಟರೆ ನೀವು ಹಿಡಿಯುತ್ತೀರಿ. ಇದು ಅಪ್ಪ ಕಟ್ಟಿದ ಹೋಟೆಲು, ಸಾಹೇಬ್. ನೀವೇ ಹೇಳಿ, ಏನು ಮಾಡಲಿ?”

ಅವರು ಕಾಗದವನ್ನು ಎರಡು ಸಲ ಓದಿದರು. ಮತ್ತೊಮ್ಮೆ ಅಟ್ಟದ ಕಡೆ ನೋಡಿದರು.

“ಮಕ್ಕಳೆಷ್ಟು?”

“ಮೂರು.”

“ಹೆತ್ತು ಎಷ್ಟು ದಿನ?”

“ಇಪ್ಪತ್ತರ ಮೇಲಾಯ್ತು” ಎಂದರು ಭಟ್ಟರು. ಅವರು ದಿನ ಎಣಿಸುತ್ತಿದ್ದದ್ದು ನನಗೂ ಆಗಲೇ ಗೊತ್ತಾದದ್ದು.

ಸಾಹೇಬರು ಫೈಲು ಮಡಚಿದರು. “ನಮ್ಮಲ್ಲಿ ಬಾಳಂತೀಣಿಯನ್ನು ಸವ್ವಾ ಮಹಿನಾ ಹೊಸ್ತಿಲು ದಾಟಿಸುವುದಿಲ್ಲ. ಒಂದೂಕಾಲು ತಿಂಗಳು. ಮೂರು ಮಕ್ಕಳು ಬೇರೆ, ಲೆಕ್ಕವನ್ನು ಇವತ್ತಿನಿಂದ ಹಿಡಿಯೋಣ. ಆದರೆ ಈ ಕೋಣೆಯಲ್ಲಿ ಒಂದು ಕಾಳೂ ಇರಬಾರದು, ಈಗಲೇ, ನನ್ನ ಎದುರಿಗೇ ಎಲ್ಲ ಮುಂದಿನ ಕೋಣೆಗೆ ಹೋಗಬೇಕು. ಬಾಗಿಲಿಗೆ ಬೀಗ. ಅವರು ಹೋದ ಮೇಲೆ ಸಂದಿಗೆ ಜಾಲರಿ ಹೊಡೆದು, ಸುಣ್ಣ ಬಳಿಸಿ. ನಾನೇ ಬಂದು ನೋಡಿ ಮಿಕ್ಕ ಸಹಿ ಹಾಕುತ್ತೇನೆ, ಅಲ್ಲಿಯ ತನಕ ಹೋಟೆಲು ನಡೆಯಲಿ.”

ನನ್ನ ಕಣ್ಣು ತುಂಬಿ ಬಂತು, ಹೇಳಿಕೊಳ್ಳಲು ನಾಚಿಕೆಯಿಲ್ಲ. ಅವರಿಗೂ ಕೈಮುಗಿದೆ, ಅಟ್ಟಕ್ಕೂ ಕೈಮುಗಿದೆ. ಡಬ್ಬಿ ಹೊರುವುದಕ್ಕೆ ಬೀದರಿನವರೂ ಮೇಜು ಬಿಟ್ಟು ಎದ್ದು ಬಂದರು. ಅರ್ಧ ಗಂಟೆಯಲ್ಲಿ ಉಗ್ರಾಣ ಬರಿದಾಯಿತು.

ಕೊನೆಗೆ ಸಾಹೇಬರು ಫಾರಂ ತುಂಬಲು ಕೂತರು. ‘ಉಗ್ರಾಣ: ತಾತ್ಕಾಲಿಕವಾಗಿ ಬಂದ್’ ಎಂದು ಬರೆದರು. ಅದರ ಮುಂದಿನ ಖಾನೆ ‘ಕಾರಣ’. ಪೆನ್ನು ಅಲ್ಲಿಯೇ ನಿಂತಿತು. ಮೇಲೆ ನೋಡಿದರು, ನನ್ನನ್ನು ನೋಡಿದರು, ಗಂಭೀರವಾಗಿ ಎರಡು ಶಬ್ದ ಬರೆದು, ಸಿಕ್ಕಾ ಒತ್ತಿ ಕೊಟ್ಟರು: ‘ಕೌಟುಂಬಿಕ ಕಾರಣ’.

ಆ ಕಾಗದವನ್ನು ಗಿರಾಕಿಗಳಿಗೆ ಕಾಣುವ ಹಾಗೆ ಗಲ್ಲಾದ ಮೇಲೆ ಅಂಟಿಸಬೇಕೆಂದು ನಿಯಮ. ಅಂಟಿಸಿದೆ. ಓದಿದವರೆಲ್ಲ ಮುಖ ಸಣ್ಣದು ಮಾಡಿಕೊಂಡು, ಮನೆಯಲ್ಲಿ ಎಲ್ಲ ಕ್ಷೇಮವೇ ಅಣ್ಣಾ ಎಂದು ಕೇಳುತ್ತಿದ್ದರು. ದೇವರ ದಯೆ, ತಾಯಿಯೂ ಮೂವರು ಮಕ್ಕಳೂ ಆರೋಗ್ಯವಾಗಿದ್ದಾರೆ ಎನ್ನುತ್ತಿದ್ದೆ.